ಮೋರಾಗ್ ಬಾಯಿಯ ಕಡಲ ಗುರುತುಗಳು

ಅಕ್ಸ್‌ಬ್ರಿಡ್ಜ್, ಮೊದಲ ಭಾನುವಾರ

ಲಂಡನ್ನಿಗೆ ಹೋಗಿ ಬಂದ ಮೇಲೆ ಅರಮನೆ, ದೊಡ್ಡ ಗಡಿಯಾರ, ಥೇಮ್ಸ್ ಹೊಳೆಯ ಸೇತುವೆ ಇವುಗಳ ಬಗ್ಗೆ ನಾಲ್ಕು ಮಾತು ಬರೆಯದಿದ್ದರೆ ಓದುವವರಿಗೆ ಬೇಸರವಾದೀತು. ನೋಡಿದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ನೋಡಲು ಹೋದ ದಿನ ಗಾಳಿ, ಮಳೆ. ಅಳಿಯನ ಜಾಕೆಟ್ಟಿನ ಟೊಪ್ಪಿ ಕಣ್ಣಿನ ತನಕ ಇಳಿದು, ನನಗೆ ಕಂಡದ್ದು ಅರಮನೆಯ ಗೇಟಿನ ಕೆಳಗಿನ ಅರ್ಧ ಮಾತ್ರ. ಆ ಆರು ತಿಂಗಳಲ್ಲಿ ದೇವರು ನನಗೆ ನಿಜವಾಗಿ ತೋರಿಸಿದ್ದು ಮಗಳ ಮನೆಯಿಂದ ಎರಡು ಬಾಗಿಲು ಆಚೆಗಿತ್ತು. ಅದನ್ನೇ ಬರೆಯುತ್ತೇನೆ.

ನಮ್ಮದು ಉಡುಪಿಯ ಹತ್ತಿರ, ಹೊಳೆ ಕಡಲು ಸೇರುವ ಅಳಿವೆಯ ಬದಿಯ ಊರು. ಮಗಳು ಜೆನಿಟಾ ಲಂಡನ್ನಿನ ಪಶ್ಚಿಮದ ತುದಿಯಲ್ಲಿರುವ ಅಕ್ಸ್‌ಬ್ರಿಡ್ಜಿನಲ್ಲಿದ್ದಾಳೆ, ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ಅವಳ ಡ್ಯೂಟಿ ಬದಲಾಗಿ, ಒಂಬತ್ತು ವರ್ಷದ ಮೊಮ್ಮಗಳು ಎಮಿಯನ್ನು ಶಾಲೆಗೆ ಬಿಡಲು ಜನ ಇಲ್ಲದಾಯಿತು. "ಮಮ್ಮಿ, ಆರು ತಿಂಗಳು ಬಂದು ಹೋಗು" ಎಂದಳು. ಬಂದೆ. ವಿಮಾನದಲ್ಲಿ ಕಿವಿ ನೋಯಲಿಲ್ಲ, ಉಪ್ಪಿನಕಾಯಿ ಬಾಟಲಿ ಒಡೆಯಲಿಲ್ಲ. ದೇವರ ದೊಡ್ಡ ಉಪಕಾರ.

ಮೊದಲ ಭಾನುವಾರ ಸೀರೆಯ ಅಡಿಯಲ್ಲಿ ಎರಡು ಜೊತೆ ಕಾಲುಚೀಲ ಹಾಕಿಕೊಂಡು ಇಗರ್ಜಿಗೆ ಹೋದೆ. ನಮ್ಮಲ್ಲಿ ಎರಡನೆಯ ಗಂಟೆ ಬಾರಿಸುವ ಹೊತ್ತಿಗೆ ಹೊರಗಿನ ಜಗಲಿಯಲ್ಲಿಯೂ ಜಾಗ ಇರುವುದಿಲ್ಲ. ಇಲ್ಲಿ ಬೆಂಚುಗಳೆಲ್ಲ ಖಾಲಿ. ಮೂರನೆಯ ಬೆಂಚಿನ ತುದಿಯಲ್ಲಿ ಕುಳಿತೆ. ಸ್ವಲ್ಪ ಹೊತ್ತಿಗೆ ಎತ್ತರದ ಒಬ್ಬ ಮುದುಕಿ, ತಲೆಗೆ ಸ್ಕಾರ್ಫು, ಕೈಯಲ್ಲಿ ಕೋಲು, ಬಂದು ನನ್ನ ಪಕ್ಕದಲ್ಲಿ ನಿಂತರು. ಸುಮ್ಮನೆ ನಿಂತರು. ಇಷ್ಟು ಖಾಲಿ ಬೆಂಚುಗಳಿರುವಾಗ ಇವರಿಗೆ ಎಂಥದು ಎಂದು ನಾನೂ ನೋಡಿದೆ.

ಎಮಿ ನನ್ನ ಸೆರಗು ಎಳೆದು ಪಿಸುಗುಟ್ಟಿದಳು. "ಗ್ರ್ಯಾನಿ, ದಟ್ಸ್ ಹರ್ ಪ್ಲೇಸ್."

ಸರಿದು ಕುಳಿತೆ. ಮುದುಕಿ ಕುಳಿತು "ಸಾರಿ" ಎಂದರು. ಜಾಗ ಹಿಡಿದದ್ದು ನಾನು, ಸಾರಿ ಹೇಳಿದ್ದು ಅವರು. ಈ ದೇಶದಲ್ಲಿ ಹಾಗೆಯೇ. ನಾವು ಅವರ ಕಾಲು ತುಳಿದರೆ ಅವರೇ ಸಾರಿ ಹೇಳುತ್ತಾರೆ.

"ಸ್ವರ್ಗದಲ್ಲಿರುವ ನಮ್ಮ ತಂದೆಯೇ" ಬಂದಾಗ ಎಲ್ಲರೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ನಾನು ನನ್ನಷ್ಟಕ್ಕೆ ಕೊಂಕಣಿಯಲ್ಲಿ ಹೇಳುತ್ತಿದ್ದೆ. ಪಕ್ಕದಲ್ಲಿ ಇನ್ನೊಂದು ಭಾಷೆ ಕೇಳಿಸಿತು. ಗಂಟಲಿನಿಂದ ಬರುವ ಭಾಷೆ, ಇಂಗ್ಲಿಷಲ್ಲ. ಪೂಜೆ ಮುಗಿದ ಮೇಲೆ ಅವರೇ ಕೇಳಿದರು.

"ನೀನು ಹೇಳಿದ್ದು ಯಾವ ಭಾಷೆ?"

"ಕೊಂಕಣಿ. ನಮ್ಮ ಮನೆಮಾತು. ನಿಮ್ಮದು?"

"ಗೇಲಿಕ್. ಸ್ಕಾಟ್ಲೆಂಡಿನ ಪಡುಗಡಲಲ್ಲಿ ಒಂದು ಸಣ್ಣ ದ್ವೀಪ ಉಂಟು. ಅಲ್ಲಿಯದು. ದೇವರಿಗೆ ಇಂಗ್ಲಿಷ್ ಬರುತ್ತದೆ, ನನಗೂ ಬರುತ್ತದೆ. ಆದರೆ ನಾವಿಬ್ಬರೇ ಇರುವಾಗ ಅದು ಯಾಕೆ?"

ಇದು ಅವರ ಇಂಗ್ಲಿಷನ್ನು ನಾನು ನಮ್ಮ ಮಾತಿಗೆ ತಂದದ್ದು. ನಿಜ ಹೇಳಬೇಕೆಂದರೆ ಅವರ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವರಿಗೆ ಅರ್ಧ. ಎರಡು ಅರ್ಧ ಸೇರಿ ಸಾಕಾಗುತ್ತಿತ್ತು.

ಎರಡು ಬಾಗಿಲು ಆಚೆ

ಹೆಸರು ಮೋರಾಗ್. ನಾನು ಮೋರಾಗ್ ಬಾಯಿ ಎಂದೆ. ನಮ್ಮಲ್ಲಿ ಹಿರಿಯ ಹೆಂಗಸರನ್ನು ಬರಿ ಹೆಸರಿನಿಂದ ಕರೆಯಲು ನಾಲಗೆ ಏಳುವುದಿಲ್ಲ. ಅವರಿಗೆ ಅದು ಹಿಡಿಸಿತು. ನನ್ನನ್ನು ಅವರು ಬರಿ ಫ್ಲೋರಿ ಎಂದರು. ಮನೆ ನೋಡಿದರೆ ಮಗಳ ಮನೆಯಿಂದ ಎರಡೇ ಬಾಗಿಲು ಆಚೆ.

"ಅವರ ಪರಿಚಯ ಉಂಟಾ ನಿನಗೆ?" ಎಂದು ಜೆನಿಟಾಳನ್ನು ಕೇಳಿದೆ.

"ಉಂಟಲ್ಲ ಮಮ್ಮಿ. ಮಂಗಳವಾರ ಎಲ್ಲರಿಗಿಂತ ಮೊದಲು ಕಸದ ಡಬ್ಬಿ ಹೊರಗೆ ಇಡುವವರು."

ನಾಲ್ಕು ವರ್ಷದ ನೆರೆಮನೆ. ಪರಿಚಯ ಅಷ್ಟೇ.

ಮರುದಿನ ಒಂದು ತಟ್ಟೆ ಹುಳಿ-ಖಾರದ ಬಂಗುಡೆ ಪುಳಿಮುಂಚಿ ಹಿಡಿದುಕೊಂಡು ಹೋಗಿ ಅವರ ಬಾಗಿಲು ತಟ್ಟಿದೆ. ಮೋರಾಗ್ ಬಾಯಿ ಒಂದು ತುಂಡು ಬಾಯಿಗಿಟ್ಟರು. ಮುಖ ಕೆಂಪಾಯಿತು, ಎರಡು ಲೋಟ ನೀರು ಹೋಯಿತು. ಕಣ್ಣು ಒರೆಸಿಕೊಂಡು, "ಮೀನು ಒಳ್ಳೆಯದು, ಪಾಪ, ಅದಕ್ಕೆ ಯಾಕೆ ಈ ಶಿಕ್ಷೆ?" ಎಂದರು. ಮರುದಿನ ಅವರು ಅದೇ ಬಂಗುಡೆಯನ್ನು ಓಟ್ಸ್ ಹಿಟ್ಟಿನಲ್ಲಿ ಹೊರಳಿಸಿ ಹುರಿದು ಕೊಟ್ಟರು. ಉಪ್ಪು ಬಿಟ್ಟರೆ ಏನೂ ಇಲ್ಲ. ತಿಂದೆ. ಅವರದ್ದೂ ಬಂಗುಡೆ ತಿನ್ನುವ ಊರು, ನಮ್ಮದೂ ಹೌದು. ಬೇರೆ ಯಾವ ಸಂಬಂಧ ಬೇಕು?

ಅಲ್ಲಿಂದ ದಿನಾ ನಾಲ್ಕು ಗಂಟೆಗೆ, ಎಮಿಯನ್ನು ಶಾಲೆಯಿಂದ ಕರೆತಂದ ಮೇಲೆ, ಅವರ ಅಡುಗೆಮನೆಯಲ್ಲಿ ಜಪಸರ. ಅವರು ಗೇಲಿಕ್‌ನಲ್ಲಿ ಅರ್ಧ ನಮೋ ಮರಿಯಾ ಹೇಳುವುದು, ಉಳಿದರ್ಧ ನಾನು ಕೊಂಕಣಿಯಲ್ಲಿ. ಎಮಿ ಮೇಜಿನ ತುದಿಯಲ್ಲಿ ಹೋಮ್‌ವರ್ಕು. ಅವಳಿಗೆ ನಮ್ಮ ಮಾತು ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ನಮ್ಮ ದ್ವೀಪದ ಮಕ್ಕಳೂ ಈಗ ಹೀಗೆಯೇ" ಎಂದು ಮೋರಾಗ್ ಬಾಯಿ ನಗುತ್ತಿದ್ದರು. ನಗುವಿನಲ್ಲಿ ನಗು ಇರಲಿಲ್ಲ.

ಒಂದು ದಿನ ನಾನು ಹೇಳಿದೆ. "ದಿನಾ ಮಲಗುವ ಮುಂಚೆ ದೇವರು ಕೊಟ್ಟ ಸಣ್ಣ ಸಣ್ಣ ಉಪಕಾರಗಳನ್ನು ಎಣಿಸುತ್ತೇನೆ, ಮೋರಾಗ್ ಬಾಯಿ. ನಿನ್ನೆ ಆರು ಸಿಕ್ಕಿತು."

ಅವರು ಚಹಾದ ಲೋಟ ಕೆಳಗಿಟ್ಟುಬಿಟ್ಟರು. "ಎಣಿಸುವುದಾ? ಎಣಿಸಬಾರದು ಫ್ಲೋರಿ! ಮೀನು ಎಣಿಸಬಾರದು, ದೋಣಿ ಎಣಿಸಬಾರದು, ದೋಣಿಯಲ್ಲಿರುವ ಜನ ಎಣಿಸಲೇಬಾರದು. ಎಣಿಸಿದರೆ ಕಡಲಿಗೆ ಲೆಕ್ಕ ಸಿಗುತ್ತದೆ. ಹೆಸರು ಹೇಳು. ಸಂಖ್ಯೆ ಹೇಳಬೇಡ."

ಅಂದಿನಿಂದ ನಾನು ಎಣಿಸುವುದು ಬಿಟ್ಟು ಹೆಸರು ಹೇಳುತ್ತಿದ್ದೇನೆ. ಬಿಸಿನೀರು. ಬಸ್ಸಿನ ಡ್ರೈವರು ಕಾದದ್ದು. ಎಮಿಯ ಜ್ವರ ಇಳಿದದ್ದು. ನೋಡಿದರೆ ಹೀಗೆಯೇ ಜಾಸ್ತಿ ಸಿಗುತ್ತದೆ.

ಹೆಸರು ಹೇಳುವುದು ಅವರ ದ್ವೀಪದ ದೊಡ್ಡ ಪದ್ಧತಿ. ಅಲ್ಲಿ "ನಿನ್ನ ಹೆಸರೇನು" ಎಂದು ಕೇಳುವುದಿಲ್ಲವಂತೆ. "ನೀನು ಯಾರವಳು" ಎಂದು ಕೇಳುವುದಂತೆ. ಆಗ ಒಂದೇ ಉಸಿರಿಗೆ ಹೇಳಬೇಕು: ಇಯಾನನ ಮಗಳು ಮೋರಾಗ್, ಇಯಾನ್ ಡೊನಾಲ್ಡನ ಮಗ, ಡೊನಾಲ್ಡ್ ಕೆಂಪುಕೂದಲಿನ ಅಲನ್‌ನ ಮಗ, ಹೀಗೆ ಏಳು ತಲೆ ಹಿಂದಕ್ಕೆ. ನನ್ನನ್ನೂ ಕೇಳಿದರು. ನನಗೆ ಅಜ್ಜನ ಅಪ್ಪನವರೆಗೆ ಬಂತು, ಮುಂದೆ ಕತ್ತಲೆ. ನಾಚಿಕೆಯಾಯಿತು.

ಮಣಿಗಳ ಆಚೆಯ ಮಾತು

ಜಪಸರ ಮುಗಿದು ನಾನು ಶಿಲುಬೆಯ ಗುರುತು ಹಾಕಿದ ಮೇಲೆಯೂ ಮೋರಾಗ್ ಬಾಯಿಯ ತುಟಿ ಅಲ್ಲಾಡುತ್ತಿರುತ್ತಿತ್ತು. ದಿನಾ. ಮೊದಮೊದಲು ಯಾವುದೋ ಸಂತರ ಪ್ರಾರ್ಥನೆ ಎಂದುಕೊಂಡೆ. ಕೊನೆಗೆ ಕೇಳಿಯೇಬಿಟ್ಟೆ.

"ಅದು ಪ್ರಾರ್ಥನೆಯಲ್ಲ. ನನ್ನ ಅಪ್ಪನ ಗುರುತುಗಳು."

ನನಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಪಪ್ಪನೂ ದೋಣಿಯವರೇ. ಅಳಿವೆ ದಾಟುವಾಗ ಅವರು ದಡದ ಕಡೆ ನೋಡುತ್ತಿದ್ದರು. ಇಗರ್ಜಿಯ ಶಿಲುಬೆ ನಮ್ಮ ಹಿತ್ತಲಿನ ತಾಳೆಮರದ ತಲೆಯ ಮೇಲೆ ಸರಿಯಾಗಿ ಕೂತಿತೆಂದರೆ ದೋಣಿಯ ಅಡಿಗೆ ಆಳದ ದಾರಿ ಉಂಟು, ಒಂದು ಮಾರು ಆಚೀಚೆಯಾದರೆ ಮರಳದಿಬ್ಬ. ಮೋರಾಗ್ ಬಾಯಿಯ ಅಪ್ಪ ಇಯಾನ್ ಕೂಡ ಹಾಗೆಯೇ. ದಡದ ಗುಡ್ಡ, ಗುಡಿಯಷ್ಟೇ ಸಣ್ಣ ಇಗರ್ಜಿ, ಬಂಡೆ ಇವು ಒಂದರ ಹಿಂದೆ ಒಂದು ಬರುವುದನ್ನು ನೋಡಿಕೊಂಡು, ನಡುಗಡಲಲ್ಲಿ ನೀರೊಳಗೆ ಮುಳುಗಿದ ಒಂದು ದೊಡ್ಡ ಬಂಡೆಯ, ಪಾರೆಯ, ನೆತ್ತಿಗೆ ಹೋಗಿ ನಿಲ್ಲುತ್ತಿದ್ದರಂತೆ. ಸುತ್ತ ತಳ ಸಿಗದ ಆಳ. ಅಲ್ಲಿ ಮಾತ್ರ ಮೀನು. ಆ ದಾರಿ ಆ ಒಂದು ಮನೆಯವರಿಗೆ ಮಾತ್ರ ಗೊತ್ತು. ಅಪ್ಪ ಮಗನಿಗೆ ಬಾಯಲ್ಲಿ ಹೇಳುವುದು, ಬರೆಯುವುದಿಲ್ಲ. ಅಣ್ಣ ಕಾಯಿಲೆ ಬಿದ್ದ ಎರಡು ಬೇಸಗೆ ಹುಟ್ಟು ಹಾಕಲು ಅಪ್ಪ ಇವರನ್ನು ಕರೆದೊಯ್ದರಂತೆ. ಹುಡುಗಿಗೆ ಆಗ ಹದಿಮೂರು. "ಮನೆಯ ಹೊರಗೆ ಹೋಗಬಾರದು" ಎಂದು ಮಾತು ತೆಗೆದುಕೊಂಡೇ ಕಲಿಸಿದ್ದಂತೆ.

ಆ ಅಣ್ಣನನ್ನು ಮುಂದೆ ಕಡಲೇ ತೆಗೆದುಕೊಂಡಿತು. ಮೋರಾಗ್ ಬಾಯಿ ನರ್ಸಿಂಗ್ ಕಲಿಯಲು ಲಂಡನ್ನಿಗೆ ಬಂದವರು ಇಲ್ಲೇ ಉಳಿದರು. ಮದುವೆಯಿಲ್ಲ, ಮಕ್ಕಳಿಲ್ಲ. ಈಗ ಎಂಬತ್ತೆಂಟು. ಆ ದಾರಿ ಈ ಭೂಮಿಯ ಮೇಲೆ ಇವರ ತಲೆಯೊಂದರಲ್ಲಿ ಮಾತ್ರ ಉಳಿದಿದೆ. ಮರೆಯದಿರಲೆಂದು ದಿನಾ ಹೇಳಿಕೊಳ್ಳುವುದು. ಜಪಸರದ ಬಾಲದಲ್ಲಿ, ಪದಕದಿಂದ ಶಿಲುಬೆಯ ತನಕ, ಮಣಿಗೊಂದು ಗುರುತು.

ಅವರ ತಂಗಿಯ ಮೊಮ್ಮಗಳು ಶೀನಾ ಆ ದ್ವೀಪದಲ್ಲೇ ಇದ್ದಾಳೆ. ಹಳೆಯ ಮೀನು ಉಪ್ಪು ಹಾಕುವ ಕೊಟ್ಟಿಗೆಯನ್ನು ಊರವರು ಸೇರಿ ರಿಪೇರಿ ಮಾಡಿ, ಹುಟ್ಟು, ಬಲೆ, ಹಳೆಯ ಫೋಟೊ, ಮನೆಮನೆಯ ವಂಶಾವಳಿ, ಮುದುಕರ ಬಾಯಿಯ ಗೇಲಿಕ್ ಎಲ್ಲ ಕೂಡಿಡುತ್ತಿದ್ದಾರೆ. ಆ ಕೆಲಸ ಶೀನಾಳದ್ದು. ಪ್ರತಿ ಶುಕ್ರವಾರ ಫೋನು.

"ಆಂಟಿ ಮೋರಾಗ್, ಗುರುತುಗಳನ್ನು ಒಂದು ಸಲ ಹೇಳಿ. ರೆಕಾರ್ಡ್ ಮಾಡಿ ಇಡುತ್ತೇನೆ."

"ಇಟ್ಟು? ಕಂಪ್ಯೂಟರಿಗೆ ಹಾಕಿ ಊರಿಗೆಲ್ಲ ಹಂಚಲಿಕ್ಕಾ? ನಿನ್ನ ಅಜ್ಜಿ ಬೇರೆ ಮನೆಗೆ ಮದುವೆಯಾಗಿ ಹೋದವಳು. ನೀನು ಆ ಮನೆಯವಳು."

"ನಿಮ್ಮ ಮನೆಯಲ್ಲಿ ಇನ್ನು ಯಾರಿದ್ದಾರೆ, ಆಂಟಿ?"

ಆ ಪ್ರಶ್ನೆಗೆ ಮೋರಾಗ್ ಬಾಯಿ ಫೋನು ಇಟ್ಟುಬಿಡುತ್ತಿದ್ದರು.

ಆಗೆಲ್ಲ ನನಗೆ ಪಪ್ಪನ ನೆನಪು. ಪಪ್ಪನ ಕೊನೆಯ ತಿಂಗಳು ನಾನೇ ಹತ್ತಿರ ಕೂತು ಗಂಜಿ ಕುಡಿಸಿದವಳು. ಉಪ್ಪು ಸಾಕಾ, ದಿಂಬು ಎತ್ತರವಾಯಿತಾ, ಎಲ್ಲ ಕೇಳಿದೆ. ಅಳಿವೆಯ ಉಳಿದ ಗುರುತು ಯಾವುದು ಎಂದು ಕೇಳಲಿಲ್ಲ. ಹೆಂಗಸಿಗೆ ಅದು ಯಾಕೆ ಎಂದುಕೊಂಡೆ. ತಾಳೆಮರದ್ದೊಂದು ನನಗೆ ಗೊತ್ತು. ಉಳಿದದ್ದು ಅವರ ಜೊತೆ ಮಣ್ಣಿಗೆ ಹೋಯಿತು.

ಪ್ರಸಾದಕ್ಕೆ ಏಳದ ಭಾನುವಾರ

ಈಗ ನನ್ನ ತಪ್ಪಿನ ವಿಷಯ.

ಗೇಲಿಕ್-ಕೊಂಕಣಿ ಜಪಸರವನ್ನು ಊರಿನ ಹೆಂಗಸರಿಗೆ ಕೇಳಿಸಬೇಕೆಂದು ಆಸೆಯಾಯಿತು. ಮೋರಾಗ್ ಬಾಯಿ ಒಪ್ಪಿದರು. ಎಮಿ ನನ್ನ ಫೋನಿನಲ್ಲಿ ಗುಂಡಿ ಒತ್ತಿಕೊಟ್ಟು, ಬ್ಯಾಡ್ಮಿಂಟನ್‌ಗೆ ಹೋದಳು. ಜಪಸರ ಮುಗಿಯಿತು. ನಿಲ್ಲಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಫೋನನ್ನು ಹಾಗೆಯೇ ಚೀಲಕ್ಕೆ ಹಾಕಿಕೊಂಡೆ. ಮನೆಗೆ ಬಂದಾಗ ಎಮಿ ಕೂಗಿದಳು. "ಗ್ರ್ಯಾನಿ, ಇಟ್ಸ್ ಸ್ಟಿಲ್ ರೆಕಾರ್ಡಿಂಗ್!"

ಕೇಳಿದೆವು. ಜಪಸರದ ಬಾಲಕ್ಕೆ ಅವರ ಅಪ್ಪನ ಗುರುತುಗಳೂ ಸ್ಪಷ್ಟವಾಗಿ ಬಂದಿದ್ದವು.

ಜೆನಿಟಾ ಹೇಳಿದಳು. "ಶೀನಾಗೆ ಕಳಿಸಿಬಿಡು ಮಮ್ಮಿ. ಅಜ್ಜಿಗೆ ಎಂಬತ್ತೆಂಟು. ನಾಳೆ ಏನಾದರೂ ಆದರೆ?"

ಕಳಿಸಲಿಲ್ಲ. ಅಳಿಸಲೂ ಇಲ್ಲ. ಪಪ್ಪನದ್ದು ಹೋಯಿತು, ಇದಾದರೂ ಇರಲಿ ಎಂದು ಮನಸ್ಸು. ಮರುದಿನ ಮೋರಾಗ್ ಬಾಯಿ, "ಜಪಸರ ಚೆನ್ನಾಗಿ ಬಂತಾ? ಅಷ್ಟೇ ಅಲ್ಲವಾ ಬಂದದ್ದು?" ಎಂದು ಕೇಳಿದಾಗ, "ಅಷ್ಟೇ" ಎಂದೆ. ಸುಳ್ಳು. ನೇರ ಕಣ್ಣು ನೋಡಿ ಹೇಳಿದ ಸುಳ್ಳು.

ಭಾನುವಾರ ಪರಮಪ್ರಸಾದಕ್ಕೆ ಎಲ್ಲರೂ ಎದ್ದರು. ನನಗೆ ಏಳಲಾಗಲಿಲ್ಲ. ಮನಸ್ಸಿನಲ್ಲಿ ಅದನ್ನಿಟ್ಟುಕೊಂಡು ಹೋಗಿ ಬಾಯಿ ತೆರೆಯುವುದು ಹೇಗೆ? ಮೊಣಕಾಲು ನೋವೆಂದು ತೋರಿಸಿಕೊಳ್ಳುತ್ತ ಕೂತೆ. ಬೇರೆ ಯಾರಾದರೂ ಆಗಿದ್ದರೆ ನಂಬುತ್ತಿದ್ದರು. ಮೋರಾಗ್ ಬಾಯಿ ಪ್ರಸಾದ ತೆಗೆದುಕೊಂಡು ಬಂದರು, ಮೊಣಕಾಲೂರಿದರು, ಎದ್ದು ಕುಳಿತರು. ಮುಂದಕ್ಕೆ ನೋಡುತ್ತಲೇ ಕೇಳಿದರು.

"ಫ್ಲೋರಿ, ಏನು ಮಾಡಿದ್ದೀ?"

ಪೂಜೆ ಮುಗಿದು ಹೊರಗೆ ಬಂದು, ಚಹಾ ಕೊಡುವ ಮೇಜಿನ ಪಕ್ಕದಲ್ಲಿ, ಎಲ್ಲ ಹೇಳಿದೆ. ಅವರು ಕೋಪಿಸಿಕೊಂಡು ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು. ಕೂಗಲಿಲ್ಲ. ಕೈಯಲ್ಲಿದ್ದ ಬಿಸ್ಕತ್ತು ತಟ್ಟೆಗೆ ವಾಪಸು ಇಟ್ಟರು.

"ಫೋನು ತೆಗೆದುಕೊಂಡು ಮನೆಗೆ ಬಾ."

ಅವರ ಅಡುಗೆಮನೆಯಲ್ಲಿ ಕೂತು ಕೇಳಿಸಿದೆ. ಅವರ ಬೆರಳುಗಳು ಬಾತುಹೋಗಿ ಕೆಲವು ತಿಂಗಳಿಂದ ಮಣಿ ಹಿಡಿಯಲಾಗುತ್ತಿರಲಿಲ್ಲ, ಬಾಯಲ್ಲಷ್ಟೇ ಹೇಳುತ್ತಿದ್ದರು. ಅಂದು ನನ್ನ ಜಪಸರ ಕೇಳಿ ತೆಗೆದುಕೊಂಡು ಮೇಜಿನ ಮೇಲೆ ಹರಡಿದರು. ಒಂದೊಂದು ಗುರುತಿಗೆ ಒಂದೊಂದು ಮಣಿಯ ಮೇಲೆ ಬೆರಳಿಡುತ್ತ ಹೋದರು. ಫೋನಿನ ದನಿ ನಿಂತಿತು. ಬೆರಳು ಶಿಲುಬೆಗೆ ತಲುಪಿರಲಿಲ್ಲ. ಒಂದು ಮಣಿ ಉಳಿದಿತ್ತು.

"ಇನ್ನೊಂದು ಸಲ ಹಾಕು."

ಹಾಕಿದೆ. ಮಣಿ ಉಳಿಯಿತು. ಮೂರನೆಯ ಸಲವೂ ಉಳಿಯಿತು.

ಒಂದು ಗುರುತು ಬಿಟ್ಟುಹೋಗಿತ್ತು. ಯಾವಾಗಿನಿಂದ ಬಿಟ್ಟಿತ್ತೋ. ದಿನಾ ಹೇಳುತ್ತಲೇ ಇದ್ದರು, ದಿನಾ ಒಂದು ಕಡಿಮೆ. ಯಾವುದು ಹೋಯಿತೆಂದು ನೆನಪಿಸಿಕೊಳ್ಳಲು ನೋಡಿದರು. ಬರಲಿಲ್ಲ. ನನ್ನ ಮೇಲಿನ ಕೋಪ ಅವರ ಮುಖದಿಂದ ಎಲ್ಲಿಗೋ ಹೋಗಿ, ಅದಕ್ಕಿಂತ ಕೆಟ್ಟದ್ದೊಂದು ಬಂದು ಕೂತಿತು. ಜಾತ್ರೆಯಲ್ಲಿ ಅಮ್ಮನ ಕೈ ಬಿಟ್ಟ ಮಗುವಿನ ಮುಖ.

"ಅದನ್ನು ಅಳಿಸು" ಎಂದರು ಕೊನೆಗೆ. "ತಪ್ಪು ಗುರುತು ಇರುವುದಕ್ಕಿಂತ ಇಲ್ಲದಿರುವುದು ಒಳ್ಳೆಯದು. ಅದನ್ನು ನಂಬಿ ಹೋದವನಿಗೆ ಪಾರೆ ಸಿಗುವುದಿಲ್ಲ, ಬೇರೆ ಏನೋ ಸಿಗುತ್ತದೆ."

ಅವರೆದುರೇ ಅಳಿಸಿದೆ. "ಕ್ಷಮಿಸಿ ಮೋರಾಗ್ ಬಾಯಿ" ಎಂದೆ.

"ಕ್ಷಮೆ ಪಾದ್ರಿಯ ಹತ್ತಿರ ಕೇಳು. ನನ್ನ ಹತ್ತಿರ ಶೀನಾಳ ನಂಬರು ಒತ್ತಿ ಕೊಡು."

ರೈಸ್ಲಿಪ್ ಕೆರೆಯ ದಡ

ಶೀನಾ ಹಡಗು, ಬಸ್ಸು, ರೈಲು ಹಿಡಿದು ಎರಡು ದಿನ ಪ್ರಯಾಣ ಮಾಡಿ ಬಂದಳು. ಮೂವತ್ತೈದರ ಹೆಂಗಸು, ಗಟ್ಟಿ ಕೈಗಳು, ಚೀಲದಲ್ಲಿ ರೆಕಾರ್ಡು ಮಾಡುವ ಸಣ್ಣ ಯಂತ್ರ. ಮೋರಾಗ್ ಬಾಯಿ ಬಾಗಿಲಲ್ಲೇ ಷರತ್ತು ಹಾಕಿದರು.

"ವಂಶದ ಹೆಸರು, ಅಮ್ಮನ ಪ್ರಾರ್ಥನೆ, ದೋಣಿಯ ಕಥೆ, ಬೇಕಾದಷ್ಟು ಯಂತ್ರಕ್ಕೆ ಹೇಳುತ್ತೇನೆ. ಗುರುತು ಮಾತ್ರ ಯಂತ್ರಕ್ಕಿಲ್ಲ, ಕಾಗದಕ್ಕಿಲ್ಲ. ನೀನು ಬಾಯಿಪಾಠ ಕಲಿತರೆ ಉಂಟು."

"ಬರೆದಿಡದೆ ಹೋದರೆ ಊರವರಿಗೆ ಏನು ಹೇಳಲಿ, ಆಂಟಿ? ನಾಳೆ ನಾನೇ ಮರೆತರೆ?"

"ಹಾಗಾದರೆ ಮರೆಯುವ ಮೊದಲು ನೀನು ಯಾರಿಗಾದರೂ ಕಲಿಸಬೇಕಾಗುತ್ತದೆ. ಪೆಟ್ಟಿಗೆಯಲ್ಲಿಟ್ಟರೆ ಯಾರೂ ಕಲಿಯುವುದಿಲ್ಲ."

ಶೀನಾ ಯಂತ್ರವನ್ನು ಚೀಲದ ತಳಕ್ಕೆ ತುರುಕಿದಳು.

ಎರಡು ದಿನ ಅಡುಗೆಮನೆಯಲ್ಲಿ ಕಲಿತರು. ಹೋದ ಗುರುತು ಬರಲೇ ಇಲ್ಲ. ಆಗ ಶೀನಾ ಒಂದು ಮಾತು ಹೇಳಿದಳು. "ಆಂಟಿ, ನೀವು ಇದನ್ನು ಕುರ್ಚಿಯಲ್ಲಿ ಕೂತು ಕಲಿತದ್ದಲ್ಲ. ಹುಟ್ಟು ಹಾಕುತ್ತ ಕಲಿತದ್ದು."

ಜೆನಿಟಾಳಿಗೆ ರಜೆಯಿತ್ತು. ಎಲ್ಲರನ್ನೂ ಕಾರಿಗೆ ತುಂಬಿಸಿ ರೈಸ್ಲಿಪ್‌ಗೆ ಕರೆದೊಯ್ದಳು. ಅಲ್ಲಿ ಕಾಡಿನ ನಡುವೆ ದೊಡ್ಡ ಕೆರೆ, ಅದರ ಒಂದು ದಡಕ್ಕೆ ಮರಳು ತಂದು ಹಾಕಿ ಬೀಚು ಮಾಡಿದ್ದಾರೆ. ಕಡಲು ಇಲ್ಲದ ಊರಿನವರು ಅಲ್ಲಿ ಬಕೆಟು ಹಿಡಿದು ಮರಳಲ್ಲಿ ಆಡುತ್ತಾರೆ. ಮಲ್ಪೆ ನೋಡಿದವಳಿಗೆ ನಗು ಬಂತು. ಆದರೂ ನೀರು ನೀರೇ.

ದೋಣಿ ಎಲ್ಲಿಂದ ತರುವುದು? ದೂರ ಹೋಗುವಾಗ ಕೋಲು ಸಾಲದೆಂದು ತರುವ ಮೋರಾಗ್ ಬಾಯಿಯ ಗಾಲಿಕುರ್ಚಿಯೇ ದೋಣಿ. ಹುಟ್ಟು ಹಾಕುವವರು ಮುಂದಕ್ಕೆ ನೋಡುವುದಿಲ್ಲ, ಬಿಟ್ಟು ಬಂದ ದಡವನ್ನು ನೋಡುತ್ತಿರುತ್ತಾರೆ. ಹಾಗಾಗಿ ಶೀನಾ ಕುರ್ಚಿಯನ್ನು ಹಿಂದಿನಿಂದ ಹಿಡಿದು ಹಿಮ್ಮುಖವಾಗಿ ಎಳೆಯುವುದು. ಮರಳಿಗೆ ಇಳಿಸಿದ ಕೂಡಲೇ ಗಾಲಿ ಹೂತುಹೋಯಿತು. "ಬಂದರಿನಲ್ಲೇ ದೋಣಿ ಮುಳುಗಿಸಿದಿರಿ!" ಎಂದು ಮೋರಾಗ್ ಬಾಯಿ ಬೈದರು. ಎಲ್ಲರೂ ಸೇರಿ ಎತ್ತಿ ಹುಲ್ಲಿನ ಮೇಲೆ ತಂದೆವು.

ಇನ್ನು ಗುಡ್ಡ, ಗುಡಿ, ಬಂಡೆ. ಇಲ್ಲಿ ಬರೆಯುತ್ತಿರುವ ಯಾವುದೂ ನಿಜದ ಹೆಸರಲ್ಲ. ಅನುಕ್ರಮವೂ ನಿಜದ್ದಲ್ಲ. ಮಾತು ಕೊಟ್ಟಿದ್ದೇನೆ.

"ಗುಡ್ಡಕ್ಕೆ ಫ್ಲೋರಿ" ಎಂದರು ಮೋರಾಗ್ ಬಾಯಿ, ನನ್ನ ಸುತ್ತಳತೆ ನೋಡಿ.

"ನೀವು ಹೇಳುವ ಮೊದಲೇ ನಾನು ಹೊರಟಿದ್ದೆ" ಎಂದು ಹೋಗಿ ನಿಂತೆ.

ಎಮಿ ಗುಡಿ. ತಲೆಯ ಮೇಲೆ ಕೈ ಜೋಡಿಸಿ ಗೋಪುರ ಮಾಡಿಕೊಂಡಳು. ಜೆನಿಟಾ ನೀರುನಾಯಿ ಮಲಗುವ ಬಂಡೆ, ಹುಲ್ಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಇಡೀ ಆಸ್ಪತ್ರೆಯ ವಾರ್ಡು ನಡುಗಿಸುವವಳು ಬಂಡೆಯಾಗಿ ಕೂತದ್ದು ನೋಡಲು ಚಂದ.

ಶೀನಾ ಎಳೆದಳು. ಮೋರಾಗ್ ಬಾಯಿ ಹಿಂದಕ್ಕೆ ಹಿಂದಕ್ಕೆ ಹೋಗುತ್ತ ಕೂಗುತ್ತಿದ್ದರು. "ಗುಡಿ, ಎಡಕ್ಕೆ! ನೀನು ಗುಡ್ಡದ ಹಿಂದೆ ಅಡಗಿದ್ದೀ!"

"ಐ ಕಾಂಟ್ ಹೆಲ್ಪ್ ಇಟ್, ಗ್ರ್ಯಾನಿ ಈಸ್ ಹ್ಯೂಜ್!" ಎಂದು ಎಮಿ ಕೂಗಿದಳು.

"ಗುಡ್ಡ ಹಾಗೆಯೇ ಇರಬೇಕು! ಈಗ ಬಂಡೆ ತೆರೆಯಿತು. ಶೀನಾ, ನೋಡಿದೆಯಾ? ಗುಡ್ಡದ ಭುಜ ಬಿಟ್ಟು ಬಂಡೆ ಹೊರಗೆ ಬಂತು. ಒಂದು ಬೆರಳು. ಹೇಳು."

ಶೀನಾ ಗೇಲಿಕ್‌ನಲ್ಲಿ ಹೇಳಿದಳು. ತಪ್ಪಿತು. ಮತ್ತೆ ಬಂದರಿನಿಂದ ಶುರು. ಗುಡ್ಡಕ್ಕೆ ಕಾಲು ನೋಯತೊಡಗಿತು. ಮೂರನೆಯ ಸಲ ಎಳೆಯುವಾಗ ಮೋರಾಗ್ ಬಾಯಿಯ ಭುಜಗಳು ತಾವಾಗಿ ಮುಂದೆ ಹಿಂದೆ ಆಡತೊಡಗಿದವು. ಬಾತ ಬೆರಳುಗಳು ಇಲ್ಲದ ಹುಟ್ಟನ್ನು ಹಿಡಿದಿದ್ದವು. ಕೂಗುವುದು ನಿಂತಿತು. ಕಣ್ಣು ನಮ್ಮನ್ನು ನೋಡುತ್ತಿತ್ತು, ಆದರೆ ನಾವು ಅಲ್ಲಿರಲಿಲ್ಲ. ನಿಜವಾದ ಗುಡ್ಡ ಇತ್ತು, ನಿಜವಾದ ಗುಡಿ ಇತ್ತು.

ಇದ್ದಕ್ಕಿದ್ದಂತೆ ಬಲಗೈ ಎತ್ತಿ ನಮ್ಮ ಎಡಕ್ಕೆ, ಯಾರೂ ಇಲ್ಲದ ಕಡೆ ತೋರಿಸಿದರು.

"ಅಲ್ಲಿ! ಅಲ್ಲಿ ಯಾಕೆ ಯಾರೂ ನಿಂತಿಲ್ಲ? ವಿಧವೆಯ ಮನೆಯ ಹೊಗೆಗೂಡು!"

ಶೀನಾ ಕುರ್ಚಿ ಬಿಟ್ಟಳು. ನಾನು ಶಿಲುಬೆಯ ಗುರುತು ಹಾಕಿದೆ.

"ನಿಲ್ಲಿಸಿ ಯಾರನ್ನಾದರೂ! ಹೋಗಿಬಿಡುತ್ತದೆ!" ಎಂದು ಮೋರಾಗ್ ಬಾಯಿ ಕೂಗುತ್ತಿದ್ದರು. ಅಲ್ಲಿ ನಾಯಿ ಹಿಡಿದುಕೊಂಡು ಒಬ್ಬ ಉದ್ದನೆಯ ಮನುಷ್ಯ ಹೋಗುತ್ತಿದ್ದ. ನಾನು ಓಡಿ ಹೋಗಿ ಅವನ ತೋಳು ಹಿಡಿದೆ. ಗಂಡಸಿನ ತೋಳು ಹಾಗೆ ಹಿಡಿದದ್ದು ಮದುವೆಯ ದಿನ ಬಿಟ್ಟರೆ ಅಂದೇ. "ಪ್ಲೀಸ್, ಸ್ಟ್ಯಾಂಡ್ ಹಿಯರ್. ಯು ಚಿಮ್ನಿ."

ಅವನು ನನ್ನ ಸೀರೆ, ಕಾಲುಚೀಲ, ಗೋಪುರವಾಗಿದ್ದ ಎಮಿ, ಕುಕ್ಕರಗಾಲಿನ ಜೆನಿಟಾ ಎಲ್ಲ ನೋಡಿದ. "ಸಾರಿ" ಎಂದ. ನಿಂತ. ಸ್ವಲ್ಪ ಹೊತ್ತಿನ ಮೇಲೆ ಬಹಳ ಮರ್ಯಾದೆಯಿಂದ ಕೇಳಿದ. "ಎಷ್ಟು ಹೊತ್ತು ಹೊಗೆಗೂಡಾಗಿರಬೇಕು?"

"ಅವಳಿಗೆ ಬಾಯಿಪಾಠ ಬರುವ ತನಕ" ಎಂದಳು ಜೆನಿಟಾ.

ಒಳ್ಳೆಯ ಮನುಷ್ಯ. ಮುಕ್ಕಾಲು ಗಂಟೆ ನಿಂತ. ನಾಯಿಯೂ ನಿಂತಿತು. ಶೀನಾ ಬಂದರಿನಿಂದ ಪಾರೆಯ ತನಕ ಒಂದೂ ತಪ್ಪದೆ ಹೇಳಿದಾಗ ಮೋರಾಗ್ ಬಾಯಿ ನನ್ನ ಜಪಸರದ ಶಿಲುಬೆಯ ಮೇಲೆ ಬೆರಳಿಟ್ಟುಕೊಂಡಿದ್ದರು.

ಆದರೆ ಕಾರಿನಲ್ಲಿ ಬರುವಾಗ ಮೆಲ್ಲಗೆ ಕೇಳಿದರು. "ಫ್ಲೋರಿ, ಅದು ನಿಜವಾಗಿ ನೆನಪಾದದ್ದಾ, ಅಥವಾ ನಾನೇ ಕಟ್ಟಿಕೊಂಡದ್ದಾ?"

ಹೇಳುವವರು ಯಾರು? ಅಪ್ಪ ಇಲ್ಲ, ಅಣ್ಣ ಇಲ್ಲ. "ಹೊಗೆಗೂಡು ಇನ್ನೂ ನಿಂತಿದೆ ಆಂಟಿ, ಮನೆ ಮಾತ್ರ ಬಿದ್ದಿದೆ" ಎಂದಳು ಶೀನಾ. ಅದು ಉತ್ತರವಾಗಲಿಲ್ಲ. ಉತ್ತರ ಕೊಡಬೇಕಾದದ್ದು ಕಡಲು.

ಅಕ್ಸ್‌ಬ್ರಿಡ್ಜ್, ಹೊರಡುವ ಮುಂಚಿನ ಬುಧವಾರ

ಶೀನಾ ಊರಿಗೆ ಹೋದ ಮೇಲೆ ಅಲ್ಲಿ ಒಂದೇ ಸಮನೆ ಗಾಳಿ. ದೋಣಿ ಇಳಿಸುವಂತಿಲ್ಲ. ಮೂರು ವಾರ ಮೋರಾಗ್ ಬಾಯಿ ಸರಿಯಾಗಿ ಊಟ ಮಾಡಲಿಲ್ಲ. ನನ್ನ ಪುಳಿಮುಂಚಿಯನ್ನು ಬೈಯುವುದನ್ನೂ ಬಿಟ್ಟರು, ಅದೇ ನನಗೆ ಹೆದರಿಕೆ. ಶನಿವಾರ ನನ್ನ ವಿಮಾನ. ತಿಳಿಯದೆ ಹೋಗುವುದಾ ಎಂದು ದಿನಾ ಕಡಲ ತಾಯಿ ಮರಿಯಮ್ಮನಿಗೆ ಮೇಣದಬತ್ತಿ.

ಬುಧವಾರ ಬೆಳಗ್ಗೆ ಫೋನು ಬಂತು. ಹಾಲಿನ ಜಗ್ಗಿಗೆ ಒರಗಿಸಿಟ್ಟು ದನಿ ಜೋರು ಮಾಡಿದೆ. ಮೋಟರಿನ ಸದ್ದು, ಹಕ್ಕಿಗಳ ಸದ್ದು, ಅದರ ನಡುವೆ ಶೀನಾ.

"ಆಂಟಿ, ಹೊರಟಿದ್ದೇವೆ. ದೋಣಿ ನಡೆಸುವುದು ನನ್ನ ಗಂಡ. ಗುರುತು ಕಾಣದಂತೆ ತಲೆ ತಗ್ಗಿಸಿ ದೋಣಿಯ ಅಡಿಯನ್ನೇ ನೋಡಬೇಕು ಅಂದಿದ್ದೇನೆ, ನೋಡುತ್ತಿದ್ದಾನೆ."

"ಅವನ ಕುತ್ತಿಗೆ ಮೇಲೆ ಕಣ್ಣಿಡು. ಅವನ ಅಜ್ಜನೂ ಕದ್ದು ನೋಡುತ್ತಿದ್ದ."

ಗಂಡಸಿನ ನಗು ಕೇಳಿಸಿತು. ಮತ್ತೆ ಶೀನಾ ಗುರುತುಗಳನ್ನು ಹೇಳತೊಡಗಿದಳು, ಒಂದೊಂದು ಕಂಡಂತೆ, ಗಂಡನಿಗೆ ದಾರಿ ತಿಳಿಯದಂತೆ ಬರಿ ಹೆಸರು. ಗುಡ್ಡ. ಗುಡಿ. ನಡುವೆ ಬಹಳ ಹೊತ್ತು ಬರಿ ನೀರಿನ ಸದ್ದು. ಮೋರಾಗ್ ಬಾಯಿ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಬಂಡೆ ತೆರೆಯಿತು ಎಂದಳು. ಕೊನೆಗೆ, "ಹೊಗೆಗೂಡು ಬಂತು. ಸರಿಯಾಗಿ ಬಂತು" ಎಂದಳು. ಮೋಟರು ನಿಂತಿತು.

"ಗುಂಡು ಬಿಡುತ್ತೇನೆ."

ಸೀಸದ ಗುಂಡು ಕಟ್ಟಿದ ಹಗ್ಗ. ಗುರುತು ತಪ್ಪಾಗಿದ್ದರೆ ಹಗ್ಗವೆಲ್ಲ ಮುಗಿದರೂ ತಳ ಸಿಗುವುದಿಲ್ಲ. ದೋಣಿಯ ಅಂಚಿಗೆ ಹಗ್ಗ ಉಜ್ಜುವ ಸದ್ದು ಬರುತ್ತಿತ್ತು. ನಾನು ನಮೋ ಮರಿಯಾ ಶುರು ಮಾಡಿದೆ. ಅರ್ಧಕ್ಕೆ ಬಂದಾಗ ಉಳಿದರ್ಧ ಹೇಳಬೇಕಾದವರು ಹೇಳಲಿಲ್ಲ. ಅವರು ಹಗ್ಗವನ್ನು ಕೇಳುತ್ತಿದ್ದರು.

ಉಜ್ಜುವ ಸದ್ದು ನಿಂತಿತು.

"ತಾಗಿತು" ಎಂದಳು ಶೀನಾ. "ಆಂಟಿ, ತಾಗಿತು. ಅರ್ಧಕ್ಕಿಂತ ಹೆಚ್ಚು ಹಗ್ಗ ಇನ್ನೂ ನನ್ನ ಕಾಲಬುಡದಲ್ಲೇ ಉಂಟು."

ಮೋರಾಗ್ ಬಾಯಿ ಮೇಜಿನ ಅಂಚು ಬಿಟ್ಟರು. ಕಣ್ಣೀರು ಹಾಕಲಿಲ್ಲ, ನಗಲೂ ಇಲ್ಲ. ಕೈಗಳನ್ನು ಮಡಿಲಿಗೆ ತಂದುಕೊಂಡು, ಫೋನಿನ ಕಡೆ ಬಾಗಿದರು.

"ಸರಿ. ಈಗ ಹೇಳು, ನೀನು ಯಾರವಳು?"

ಶೀನಾ ಒಂದೇ ಉಸಿರಿಗೆ ಹೇಳಿದಳು. ನನಗೆ ಗೇಲಿಕ್ ಬಾರದು. ಆದರೆ ತನ್ನ ಅಜ್ಜಿಯದಲ್ಲ, ಮೋರಾಗ್ ಎಂಬ ಹೆಸರು ಮೊದಲು ಬಂತು, ಅದರ ಹಿಂದೆ ಇಯಾನ್, ಅದರ ಹಿಂದೆ ಡೊನಾಲ್ಡ್, ಹಾಗೆ ಕೊನೆಯವರೆಗೆ ಗಂಡಸರೇ.

ಮೋರಾಗ್ ಬಾಯಿ ಎಲ್ಲ ಕೇಳಿ ಮುಗಿಸಿ, ನಮ್ಮ ಕಡಲ ದಂಡೆಯಲ್ಲಿ ಅಮ್ಮಂದಿರು ಹೇಳುವ ಹಾಗೆಯೇ ಹೇಳಿದರು.

"ಇನ್ನು ಅಲ್ಲಿ ನಿಲ್ಲಬೇಡ, ಮಗಳೇ. ಗಾಳಿ ತಿರುಗುವ ಮೊದಲು ಮನೆ ಸೇರು."